ಮದುವೆ, ಭಾಗ ಎರಡು: ಊಟ

ಯಕ್ಷಿತಾ ಚಾರ್ಜರಿನ ವಾಯರನ್ನು ಎರಡೂ ಕೈಯಲ್ಲಿ ಹಿಡಿದು ತಂದಳು, ದೇವರಿಗೆ ಹೂ ತರುವ ಹಾಗೆ, ತುದಿ ನೆಲಕ್ಕೆ ತಾಗದಂತೆ. ನಾಲ್ಕು ತುಂಬಿ ಎರಡು ತಿಂಗಳಾಗಿದ್ದ ಮಗು. “ಪಪ್ಪಾ, ಯೇ ಲೋ,” ಎಂದಳು.

ಅಕ್ಷಯನ ಎಡಗೈಗೆ ನಮಿತಾಳ ಜಡೆ ಸುತ್ತಿಕೊಂಡಿತ್ತು. ಅವನು ಬಲಗೈ ಚಾಚಿ ವಾಯರು ತೆಗೆದುಕೊಂಡು, “ಗುಡ್ ಗರ್ಲ್,” ಎಂದ. ಆಮೇಲೆ ಹೆಂಡತಿಗೆ ಹೊಡೆದ.

ಕಾರಣ ಕೇಳಿದರೆ ನಗು ಬರಬೇಕು. ಇಸ್ತ್ರಿ ಮಾಡಿದ ಶರ್ಟಿನ ಕಾಲರಿನಲ್ಲಿ ಒಂದು ಸುಕ್ಕು ಉಳಿದಿತ್ತು. ಅಡುಗೆಮನೆಯಿಂದ ಓಡಿಬಂದ ಸೇವಂತಿ ಮಗನ ತೋಳಿಗೆ ಜೋತುಬಿದ್ದಳು. ಅವನು ಮೊಣಕೈ ಕೊಡವಿದ. ಐವತ್ತೆಂಟು ವರ್ಷದ ಹೆಂಗಸು ಫ್ರಿಜ್ಜಿಗೆ ಹೋಗಿ ಬಡಿದಳು, ಮೇಲಿದ್ದ ಬಾಳೆಹಣ್ಣಿನ ಬುಟ್ಟಿ ತಲೆಯ ಮೇಲೆ ಕವುಚಿತು.

“ಮಮ್ಮಿ, ನೀನು ಬೀಚ್ ಮೇ ಬರ್ಬೇಡ, ನಡುವೆ ಬರ್ಬೇಡ ಹಾಂ! ಹಸ್ಬೆಂಡ್-ವೈಫ್ ಮ್ಯಾಟರ್ ಇದು.”

ನಾಲ್ಕು ಏಟು ಬೆನ್ನಿಗೆ ಬಿದ್ದವು. ಐದನೆಯದು, ಮುಖ ಮುಚ್ಚಿಕೊಳ್ಳಲು ನಮಿತಾ ಎತ್ತಿದ ಕೈಗೆ ಬಿತ್ತು. ಪ್ಲಗ್ಗಿನ ಗಟ್ಟಿ ತುದಿ ಮಣಿಕಟ್ಟಿನ ಎಲುಬಿಗೆ ತಗುಲಿ ಟಕ್ ಎಂದಿತು, ಮೇಜಿನ ಮೇಲೆ ಚಮಚ ಇಟ್ಟ ಹಾಗೆ. ಅಕ್ಷಯ ಅದೇ ವಾಯರನ್ನು ಗೋಡೆಗೆ ಸಿಕ್ಕಿಸಿ, ಫೋನು ಚಾರ್ಜಿಗೆ ಹಾಕಿ, ಸ್ನಾನಕ್ಕೆ ಹೋದ.

ಸೇವಂತಿ ಬೆಚ್ಚಿದ್ದು ಏಟುಗಳಿಗಲ್ಲ. ಏಟು ಅವಳಿಗೆ ಗೊತ್ತಿತ್ತು. ಬೆಚ್ಚಿದ್ದು ಮೊಮ್ಮಗಳ ಮುಖ ಕಂಡು. ಅದರಲ್ಲಿ ಹೆದರಿಕೆ ಇರಲಿಲ್ಲ. ಹೇಳಿದ ಕೆಲಸವನ್ನು ಸರಿಯಾಗಿ ಮಾಡಿದ ಹೆಮ್ಮೆ ಇತ್ತು. ಮೂವತ್ತೊಂದು ವರ್ಷದ ಹಿಂದೆ ಇನ್ನೊಂದು ನಾಲ್ಕು ವರ್ಷದ ಮಗುವಿನ ಮುಖದಲ್ಲಿ ಅವಳು ಅದೇ ಹೆಮ್ಮೆಯನ್ನು ಕಂಡಿದ್ದಳು. ಆ ಮಗು ಈಗ ಬಾತ್‌ರೂಮಿನಲ್ಲಿ ಹಾಡು ಗುನುಗುತ್ತಿತ್ತು.

ಸೇವಂತಿ ಕಾರ್ಕಳದ ಕಡೆಯವಳು. ಮದುವೆಯಾಗಿ ಮುಂಬಯಿಯ ಕಾಂದಿವಲಿಯ ಚಾಳಿಗೆ, ಒಂದೇ ಕೋಣೆಯ ಸಾಲುಮನೆಗೆ, ಬಂದಾಗ ಇಪ್ಪತ್ತು ವರ್ಷ. ಗಂಡ ಕೊರಗ ಮೊದಲು ಹೋಟೆಲಿನ ಗಲ್ಲಾದಲ್ಲಿ ಕೂರುತ್ತಿದ್ದ, ಆಮೇಲೆ ಚಾಳಿನ ಬಾಯಲ್ಲೇ ವೀಡಿಯೋ ಲೈಬ್ರರಿ ಇಟ್ಟ. ಶನಿವಾರ ಬಂತೆಂದರೆ ಟೀವಿ, ವಿಸಿಆರ್, ಮೂರು ಕ್ಯಾಸೆಟ್ಟು ಒಟ್ಟಿಗೆ ಬಾಡಿಗೆ. ಲೆಕ್ಕ ಅವನದು, ದುಡಿಮೆ ಅವಳದು. ಕ್ಯಾಸೆಟ್ಟು ರಿವೈಂಡ್ ಮಾಡುವುದು, ವಿಸಿಆರಿನ ಹೆಡ್ ಒರೆಸುವುದು, ಹರಿದ ಟೇಪು ಅಂಟಿಸುವುದು, ಎಲ್ಲ. ಕೊರಗ ಊರಿಗೆಲ್ಲ ಬೆಲ್ಲ. ಯಾರ ಮನೆಯ ಪೂಜೆಗಾದರೂ ಪುಕ್ಕಟೆ ಟೀವಿ ಕಳಿಸುವವನು. ಬಾಗಿಲು ಹಾಕಿದ ಮೇಲೆ ಕೈಗೆ ಸಿಕ್ಕಿದ್ದರಲ್ಲಿ ಹೆಂಡತಿಗೆ ಹೊಡೆಯುವವನು. ಚಾಳಿನ ಗೋಡೆ ತಗಡಿನಷ್ಟು ತೆಳ್ಳಗೆ. ಎಲ್ಲರಿಗೂ ಕೇಳುತ್ತಿತ್ತು, ಯಾರೂ ಬರುತ್ತಿರಲಿಲ್ಲ. ಈಗಿನ ಬಿಲ್ಡಿಂಗಿನ ಹನ್ನೊಂದನೇ ಮಹಡಿಯಲ್ಲಿ ಯಾರಿಗೂ ಕೇಳುವುದೇ ಇಲ್ಲ. ಯಾವುದು ವಾಸಿ ಎಂದು ಅವಳು ಇನ್ನೂ ತೀರ್ಮಾನಿಸಿರಲಿಲ್ಲ.

ಸೇವಂತಿಯ ಎಡಗಿವಿ ಕೇಳುವುದಿಲ್ಲ. ಟೈಫಾಯಿಡಿನಲ್ಲಿ ಹೋಯಿತು ಎಂದು ಎಲ್ಲರಿಗೂ ಹೇಳಿದ್ದಾಳೆ. ಮಗನಿಗೂ.

ಕ್ಯಾಸೆಟ್ಟಿನ ಕಾಲ ಮುಗಿದು ಸೀಡಿ ಬಂದಾಗ ಚಾಳಿನ ಹೆಂಗಸರು ಅವಳ ಹತ್ತಿರವೇ ಕೇಳಲು ಬರುತ್ತಿದ್ದರು. “ಮದುವೆ ಕ್ಯಾಸೆಟ್ಟು ಸೀಡಿ ಮಾಡಿಸುವುದು ಯಾವಾಗ ಸೇವಂತಕ್ಕಾ? ಈಗ ಚೆನ್ನಾಗೇ ಓಡ್ತದೆ ಅಲ್ವಾ?” ಅವಳ ಉತ್ತರ ಯಾವಾಗಲೂ ಒಂದೇ. “ಓಡ್ತಿರುವಾಗಲೇ ಬದಲಿಸ್ಬೇಕು ಮಾರಾಯ್ತಿ. ನಿಂತ ಮೇಲೆ ಬದಲಿಸ್ಲಿಕ್ಕೆ ಎಂತ ಉಂಟು?” ಎಲ್ಲರೂ ಮಾಡಿಸಿಕೊಂಡರು. ಅವಳೊಬ್ಬಳು ಮಾಡಿಸಲಿಲ್ಲ. ಅಕ್ಷಯ ದೊಡ್ಡವನಾಗಿ ಅಂಧೇರಿಯಲ್ಲಿ ಜಾಹೀರಾತು ಎಡಿಟಿಂಗಿನ ಕೆಲಸ ಹಿಡಿದ ಮೇಲೆ, “ಕೊಡು ಮಮ್ಮಿ, ಆಫೀಸಲ್ಲಿ ಫ್ರೀಯಾಗಿ ಡಿಜಿಟಲ್ ಮಾಡ್ತೇನೆ, ಫಂಗಸ್ ಹಿಡೀತದೆ,” ಎಂದು ಹತ್ತು ವರ್ಷ ಕೇಳಿದ. ಕೊಡಲಿಲ್ಲ. ಎಂಟು ವರ್ಷದ ಹಿಂದೆ ಕೊರಗ ತೀರಿಕೊಂಡಾಗ, ಅಪ್ಪ ಮಾತಾಡುವುದನ್ನು ಒಮ್ಮೆ ನೋಡಬೇಕು ಎಂದು ಅತ್ತ. ಆಗ ಮೊದಲ ಕ್ಯಾಸೆಟ್ಟು ಮಾತ್ರ ಕೊಟ್ಟಳು. ಧಾರೆ, ಆರತಿ, ನಗುವ ಕೊರಗ. “ಅಪ್ಪ ಒಮ್ಮೆಯೂ ಕೈ ಎತ್ತಿದವರಲ್ಲ,” ಎಂದು ಅಕ್ಷಯ ಊರವರ ಸಂಘದ ಜನರ ಎದುರು ಹೇಳುತ್ತಿದ್ದ. ಸುಳ್ಳಲ್ಲ, ಅವನಿಗೆ ನೆನಪಿರಲಿಲ್ಲ. ಸೇವಂತಿ ತಲೆ ತಗ್ಗಿಸಿ ಚಹಾ ಹಂಚುತ್ತಿದ್ದಳು.

ಎರಡನೇ ಕ್ಯಾಸೆಟ್ಟು ಗೋದ್ರೆಜ್ ಕಪಾಟಿನಲ್ಲಿ, ರೇಷ್ಮೆ ಸೀರೆಗಳ ಅಡಿಯಲ್ಲಿತ್ತು. ಬೆನ್ನ ಮೇಲೆ ಕೊರಗನದೇ ಅಕ್ಷರ: ಮದುವೆ, ಭಾಗ ೨, ಊಟ. ಊಟದ ಪಂಕ್ತಿಯ ಕ್ಯಾಸೆಟ್ಟನ್ನು ಪ್ರಪಂಚದಲ್ಲಿ ಯಾರೂ ಎರಡನೇ ಸಲ ನೋಡುವುದಿಲ್ಲ. ಅದಕ್ಕಿಂತ ಭದ್ರವಾದ ಜಾಗ ಅವಳಿಗೆ ತೋಚಿರಲಿಲ್ಲ.

ಏಟು ಬಿದ್ದ ಆ ಭಾನುವಾರ ನಮಿತಾಳನ್ನು ಡಾಕ್ಟರ ಹತ್ತಿರ ಕರೆದೊಯ್ದದ್ದು ಅತ್ತೆಯೇ. ಮಣಿಕಟ್ಟಿನ ಎಲುಬು ಬಿರಿದಿತ್ತು, ಪ್ಲಾಸ್ಟರು ಹಾಕಿದರು. “ಬಾತ್‌ರೂಮಲ್ಲಿ ಸ್ಲಿಪ್ ಆದೆ,” ಎಂದಳು ನಮಿತಾ, ಡಾಕ್ಟರು ಕೇಳುವ ಮೊದಲೇ.

ರಿಕ್ಷಾದಲ್ಲಿ ಸೇವಂತಿ ಕೇಳಿದಳು, “ವಿಕ್ರೋಳಿಗೆ ನಿನ್ನ ಅಕ್ಕನ ಮನೆಗೆ ಹೋಗ್ತೀಯಾ ಮಗಾ?”

“ಅವ್ರು ಹಾಗೆ ಇಲ್ಲ ಅತ್ತೆ. ಟೆನ್ಶನ್ ಇದೆ. ಯಕ್ಷಿದು ನರ್ಸರಿ ಈ ವರ್ಷ ಮುಗೀಲಿ, ಫಿರ್ ದೇಖೇಂಗೆ, ಆಮೇಲೆ ನೋಡುವ. ಹೊಸ ಸ್ಕೂಲಲ್ಲಿ ಅವ್ಳು ಊಟಾನೇ ಮಾಡಲ್ಲ.” ನಮಿತಾಳ ಕನ್ನಡ ಮುಂಬಯಿಯಲ್ಲೇ ಹುಟ್ಟಿದವರ ಕನ್ನಡ. “ಮತ್ತೆ ಅವ್ರು ಯಕ್ಷಿಗೆ ಒಂದು ಏಟೂ ಹೊಡೆಯಲ್ಲ.”

ಇಬ್ಬರ ನಡುವೆ ಯಕ್ಷಿತಾ ನಿದ್ದೆ ಹೋಗಿದ್ದಳು, ಬಾಯಿ ತುಸು ತೆರೆದು, ಒಂದು ಚಪ್ಪಲಿ ಎಲ್ಲೋ ಜಾರಿ ಬಿದ್ದುಹೋಗಿತ್ತು. ಸೇವಂತಿ ಆ ಬರಿಯ ಕಾಲನ್ನು ಮನೆ ಬರುವ ತನಕ ಅಂಗೈಯಲ್ಲಿ ಹಿಡಿದುಕೊಂಡಿದ್ದಳು. ಸಂಜೆ ಕಪಾಟು ತೆರೆದಳು.

ಕ್ಯಾಸೆಟ್ಟಿನ ಕಿಟಕಿಯಲ್ಲಿ ಟೇಪಿನ ಅಂಚಿಗೆ ಬಿಳಿ ಬೂಷ್ಟು ಕಟ್ಟಿತ್ತು.

ಹಳೆಯ ಯಂತ್ರಗಳ ಮನುಷ್ಯನನ್ನು ಹುಡುಕಿಕೊಟ್ಟವಳು ಕೆಳಗಿನ ರುದ್ರವ್ವ, ಬಿಲ್ಡಿಂಗಿನ ವಾಚ್‌ಮನ್ನನ ಹೆಂಡತಿ, ಕಲಬುರಗಿ ಕಡೆಯವಳು, ಮೆಟ್ಟಿಲು ಒರೆಸುವ ಕೆಲಸ. “ನಮ್ಮ ಕಡೀ ಸಿದ್ದರಾಮಪ್ಪ ಅಂತ ಅದಾನ್ರಿ ಅಕ್ಕಾರ, ಇಂಡಸ್ಟ್ರಿಯಲ್ ಎಸ್ಟೇಟಿನಾಗ. ಸತ್ತ ಮಷಿನ್ನಿಗೆ ಜೀವಾ ಕೊಡ್ತಾನ. ಹೆಂಡತೀಗೆ ಮಾತ್ರ ಮಾತು ಕೊಡಾಂಗಿಲ್ಲ, ಅಷ್ಟ ಗಪ್ಪು!”

ಸಿದ್ದರಾಮಪ್ಪ ಕ್ಯಾಸೆಟ್ಟನ್ನು ಬೆಳಕಿಗೆ ಹಿಡಿದು ನೋಡಿದ. “ಭಾಳ ತಡಾ ಮಾಡೀರಿ. ಬೂಷ್ಟು ಟೇಪ್ ತಿಂದದ. ಕೈಲೇ ಒರಸ್ತೀನಿ, ಎರಡು ದಿನ ಹಿಡೀತದ. ಆದ್ರ ಒಂದ ಸಲ ಓಡ್ತದ ನೋಡ್ರಿ. ಓಡಿಕೋತ ಹೋದಂಗ ಹಿಂದಿಂದ ಉದರ್ತದ. ಮದುವೀದೇನ್ರಿ?”

“ಮದುವೆಯದ್ದು,” ಎಂದಳು ಸೇವಂತಿ. “ಓಡಿಸುವಾಗ ನಾನು ಕೂತ್ಕೊಳ್ತೇನೆ. ನೀವು ಹೊರಗೆ ಇದ್ದರೆ ಒಳ್ಳೆಯದು.”

“ಹಂಗ ಆಗಾಂಗಿಲ್ರಿ. ಗೆರಿ ಬಿದ್ದಾಗ ನಾ ಗುಂಡಿ ತಿರುಗಿಸಬೇಕು. ಒಂದೂಕಾಲು ತಾಸಿನ ಟೇಪಿಗೆ ಒಂದೂಕಾಲು ತಾಸು ಕೂಡಬೇಕು. ಇದ್ರಾಗ ಓಡಿಸಿ ಮುಗಿಸೂದು ಅಂಬೂದಿಲ್ಲ.” ಅವನು ಅವಳ ಎಡಕ್ಕೆ ನಿಂತು ಹೇಳಿದ್ದರಿಂದ ಅವಳು ಎರಡು ಸಲ ಕೇಳಬೇಕಾಯಿತು.

ಬುಧವಾರ ಮಧ್ಯಾಹ್ನ ಇಬ್ಬರೂ ಎಸ್ಟೇಟಿನ ಆ ಸಣ್ಣ ಗಾಳೆಯಲ್ಲಿ, ಅವನ ರಿಪೇರಿ ಮಳಿಗೆಯಲ್ಲಿ, ಸ್ಟೂಲಿನ ಮೇಲೆ ಕೂತರು. ಪಕ್ಕದ ಗಾಳೆಯಲ್ಲಿ ತಗಡು ಕತ್ತರಿಸುವ ಮಷಿನ್ನು ಕಿರುಚುತ್ತಿತ್ತು.

ಮೊದಲು ಬಾಳೆಲೆಗಳು ಬಂದವು. ಪಂಕ್ತಿ, ಬಗ್ಗಿ ಬಡಿಸುವ ಕೈಗಳು. ಹಸಿರು ಸೀರೆಯ ಹೆಂಗಸೊಬ್ಬಳು ಪಾಯಸದ ಸೌಟು ಹಿಡಿದು ಕ್ಯಾಮೆರಾ ಕಂಡು ನಾಚಿ ಸೆರಗು ಎಳೆದುಕೊಂಡಳು. “ಅಮ್ಮ,” ಎಂದಳು ಸೇವಂತಿ ಮೆಲ್ಲಗೆ. ಮೂವತ್ತೊಂದು ವರ್ಷದ ಹಿಂದೆಯೂ ಅವಳು ಕದ್ದು ಇದನ್ನು ಹಾಕಿದ್ದು ತೀರಿಹೋದ ಅಮ್ಮ ಅದರಲ್ಲಿ ಇನ್ನೂ ಉಳಿದಿದ್ದಾಳೋ ಎಂದು ನೋಡಲಿಕ್ಕೇ. ಆಗಲೇ ಉಳಿದದ್ದು ಕಂಡದ್ದು.

ಎರಡು ನಿಮಿಷಕ್ಕೆ ಊಟ ಕತ್ತರಿಸಿಹೋಯಿತು. ಪರದೆಯ ತುಂಬ ಕೊರಗನ ಮೂಗು. ಅವನು ಮದುವೆ ಶೂಟಿಂಗಿನ ಧಂಧೆ ಶುರುಮಾಡಬೇಕೆಂದು ಕ್ಯಾಮೆರಾವೊಂದನ್ನು ಎರಡು ದಿನದ ಟ್ರಯಲ್ಲಿಗೆ ತಂದಿದ್ದ. ಹೊಸ ಕ್ಯಾಸೆಟ್ಟು ಯಾಕೆ ಹಾಳು ಮಾಡುವುದೆಂದು ಮತ್ತೆ ರೆಕಾರ್ಡು ಆಗದಂತೆ ಮುರಿದಿದ್ದ ಊಟದ ಕ್ಯಾಸೆಟ್ಟಿನ ಕಿಂಡಿಗೆ ಸೆಲೋಟೇಪು ಅಂಟಿಸಿ, ಅದರ ಮೇಲೆಯೇ ರೆಕಾರ್ಡಿಗೆ ಹಾಕಿದ್ದ. ಕ್ಯಾಮೆರಾ ಸ್ಟ್ಯಾಂಡಿನ ಮೇಲೆ ನಿಂತಿತ್ತು. ಚಾಳಿನ ಖೋಲಿ ಪೂರ್ತಿ ಕಾಣುತ್ತಿತ್ತು.

ಬಾಗಿಲಲ್ಲಿ ಬಾಡಿಗೆಗೆ ಹೋಗಿದ್ದ ವಿಸಿಆರ್ ವಾಪಸು ಬಂತು. ಕೊರಗ ಅದನ್ನು ಅಲ್ಲಾಡಿಸಿದ, ಒಳಗೇನೋ ಗಲಗಲ ಎಂದಿತು. “ಯಾರಿಗೆ ಕೊಟ್ಟದ್ದು ಇದನ್ನು? ಯಾರನ್ನು ಕೇಳಿ ಕೊಟ್ಟದ್ದು?” ಸೇವಂತಿ, ಇಪ್ಪತ್ತೇಳರ ಸಪೂರ ಹೆಂಗಸು, ಏನೋ ಹೇಳಿದಳು. ಕೊರಗ ಬಾಗಿಲು ಹಾಕಿ ಚಿಲಕ ಹಾಕಿದ. ಅವಸರವಿಲ್ಲದೆ ಅಂಗಿಯ ತೋಳು ಮಡಿಸಿದ.

“ಅಕ್ಷಯಾ, ಆ ವಾಯರ್ ತಾ ಮಗಾ.”

ಚಡ್ಡಿ ಹಾಕಿದ ಹುಡುಗ ಟೀವಿಯ ಹಿಂದಿನಿಂದ ಕಪ್ಪು ವಾಯರನ್ನು ಎರಡೂ ಕೈಯಲ್ಲಿ ಹಿಡಿದು ತಂದ.

ಸಿದ್ದರಾಮಪ್ಪನ ಕೈ ಗುಂಡಿಯ ಮೇಲೆಯೇ ನಿಂತಿತು. ಪರದೆಯಲ್ಲಿ ವಾಯರು ಏರಿ ಇಳಿಯಿತು. ಅವಳು ಗೋಡೆಯ ಮೂಲೆಗೆ, ಮಂಚದ ಅಡಿಗೆ ಸರಿದರೂ ಮತ್ತೆ ಕೋಣೆಯ ನಡುವಿಗೆ ಎಳೆದು ತಂದು. “ದನಿ ಇಡ್ಲೇನ್ರೀ?” ಎಂದು ಅವನು ಕೇಳಿದ, ಪರದೆಯಿಂದ ಕಣ್ಣು ತೆಗೆದು.

“ಇಡಿ. ದನಿ ಬೇಕು.”

ಆಮೇಲೆ ಕೊರಗ ಕ್ಯಾಸೆಟ್ಟು ಸುತ್ತುವ ರಿವೈಂಡರು ಎತ್ತಿಕೊಂಡ. ಕೆಂಪು ಕಾರಿನ ಆಕಾರದ್ದು, ಮಕ್ಕಳಿಗೆ ಆಟದ ಸಾಮಾನಿನಂತೆ ಕಾಣುವಂಥದ್ದು. ಅದನ್ನು ಅವಳ ಎಡಗಿವಿಯ ಮೇಲೆ ಹೊಡೆದ. ಅವಳು ಬಿದ್ದಳು. ಇನ್ನೊಮ್ಮೆ ಹೊಡೆದ. ಕಾರಿನ ಒಂದು ಚಕ್ರ ಕಳಚಿ ಕ್ಯಾಮೆರಾದ ಕಡೆಗೇ ಉರುಳಿಬಂತು. ಅವನು ಚಪ್ಪಲಿ ಮೆಟ್ಟಿ ಹೊರಗೆ ಹೋದ.

ಆದರೆ ಟೇಪು ಮುಗಿಯಲಿಲ್ಲ. ಮುಂದೆ ಐವತ್ತು ನಿಮಿಷ ಇತ್ತು, ಅದನ್ನು ಓಡಿಸಿ ದಾಟುವ ಹಾಗಿರಲಿಲ್ಲ. ನೆಲದ ಮೇಲೆ ಹೆಂಗಸು, ಕಿವಿಯಡಿಯಲ್ಲಿ ನಿಧಾನವಾಗಿ ಅಗಲವಾಗುವ ಕಪ್ಪು ಕಲೆ. ಪಕ್ಕದಲ್ಲಿ ಕೂತ ಮಗು. ಮಗು ಅವಳ ಬಾಯಿಗೆ ಬಿಸ್ಕಿಟ್ಟು ತುರುಕಿ ನೋಡಿತು. ಅವಳು ತಿನ್ನಲಿಲ್ಲ. ಸ್ವಲ್ಪ ಹೊತ್ತು ಚಕ್ರ ಉರುಳಿಸಿ ಆಡಿತು. ಆಮೇಲೆ ವಾಯರು ಎತ್ತಿಕೊಂಡು ದಿಂಬಿಗೆ ಹೊಡೆಯತೊಡಗಿತು. ಒಂದು ಏಟು, ಒಂದು ಮಾತು. “ಯಾರನ್ನು ಕೇಳಿ ಕೊಟ್ಟದ್ದು? ಯಾರನ್ನು ಕೇಳಿ ಕೊಟ್ಟದ್ದು?” ಮುದ್ದು ದನಿ, ಅಪ್ಪನದೇ ರಾಗ. ಕೊನೆಗೆ ಹೆಂಗಸು ತೆವಳಿಕೊಂಡು ಎದ್ದು ಬಂದು, ಕ್ಯಾಮೆರಾದಲ್ಲಿ ಮಿನುಗುತ್ತಿದ್ದ ಕೆಂಪು ದೀಪವನ್ನು ಕಂಡು, ಕೈ ಚಾಚಿದಳು. ಪರದೆ ನೀಲಿಯಾಯಿತು.

ಚಾಳಿನಲ್ಲಿ ಆ ದಿನ ಕ್ಯಾಮೆರಾದಿಂದ ಕ್ಯಾಸೆಟ್ಟು ಹೊರತೆಗೆದು, ಅಂಟಿಸಿದ್ದ ಸೆಲೋಟೇಪು ಕಿತ್ತವಳು ಅವಳೇ, ಇನ್ನಾರೂ ಅದರ ಮೇಲೆ ಏನೂ ತುಂಬದಿರಲಿ ಎಂದು. ಮರುದಿನ ಕ್ಯಾಮೆರಾ ಅಂಗಡಿಗೆ ವಾಪಸು ಹೋಯಿತು. ಹೊಡೆಯುವಾಗಲೂ ಅದು ಓಡುತ್ತಲೇ ಇತ್ತೆಂಬುದು ಕೊರಗನಿಗೆ ಸಾಯುವ ತನಕ ಗೊತ್ತಾಗಲಿಲ್ಲ.

ಸಿದ್ದರಾಮಪ್ಪ ಕ್ಯಾಸೆಟ್ಟು ಹೊರತೆಗೆದಾಗ ಮಷಿನ್ನಿನ ಒಳಗೆ ಕಂದು ಪುಡಿ ಉದುರಿತ್ತು. ಅವನು ಪೆನ್‌ಡ್ರೈವ್ ಎರಡು ಮಾಡಿದ. ಎದ್ದು, ಸುತ್ತು ಬಳಸಿ, ಅವಳ ಬಲಗಡೆಗೆ ಬಂದು ನಿಂತ. “ಒಂದು ಕೇಳಿದ್ರಿ, ಎರಡು ಮಾಡೀನಿ. ಒಂದು ಯಾರಿಗೂ ಕೊಡಬ್ಯಾಡ್ರಿ,” ಎಂದ.

ಗುರುವಾರ ಅಕ್ಷಯ ಆಫೀಸಿಗೆ ಹೋದ ಮೇಲೆ, ಯಕ್ಷಿತಾ ನರ್ಸರಿಯಲ್ಲಿರುವಾಗ, ಸೇವಂತಿ ಸೊಸೆಯನ್ನು ಟೀವಿಯ ಮುಂದೆ ಕೂರಿಸಿದಳು. “ಊಟದ ಕ್ಯಾಸೆಟ್ಟಾ ಅತ್ತೆ?” ಎಂದು ನಮಿತಾ ನಕ್ಕಳು. ಆ ನಗು ಎರಡು ನಿಮಿಷ ಇತ್ತು.

ಏಟುಗಳನ್ನು ನಮಿತಾ ಕಣ್ಣು ಮಿಟುಕಿಸದೆ ನೋಡಿದಳು. ಹುಡುಗ ದಿಂಬಿಗೆ ಹೊಡೆಯಲು ಶುರುಮಾಡಿದಾಗ ಪ್ಲಾಸ್ಟರಿನ ಕೈಯಿಂದ ಬಾಯಿ ಮುಚ್ಚಿಕೊಂಡಳು. “ಅತ್ತೆ, ಯೇ... ಇವ್ರಾ?”

“ಅವನೇ. ಆಗ ಅವನಿಗೆ ನಾಲ್ಕು. ಅವನ ಅಪ್ಪ ಅವನಿಗೂ ಒಂದು ಏಟು ಹೊಡೆದವರಲ್ಲ.” ಸೇವಂತಿ ರಿಮೋಟು ಕೆಳಗಿಟ್ಟಳು. “ನಾನೂ ನರ್ಸರಿ ಮುಗೀಲಿ ಅಂದೆ, ನಾಲ್ಕನೇ ಕ್ಲಾಸು ಮುಗೀಲಿ ಅಂದೆ. ಅವನಿಗೆ ಎಲ್ಲ ಮರೆತುಹೋಯ್ತು ಅಂತ ಸಮಾಧಾನ ಮಾಡಿಕೊಂಡೆ. ಕೈಗೆ ಮರೆತಿರಲಿಲ್ಲ ನೋಡು. ನಾನು ಇದನ್ನು ಅವನಿಗೆ ಹದಿನೈದಕ್ಕೇ ತೋರಿಸ್ಬೇಕಿತ್ತು. ನನ್ನ ಮರ್ಯಾದೆ ಹೋಗ್ತದೆ ಅಂತ ಸೀರೆಯ ಅಡಿಗೆ ಇಟ್ಟೆ. ನಿನ್ನ ಕೈ ಮುರಿದದ್ದರಲ್ಲಿ ನನ್ನದೂ ಪಾಲುಂಟು ಮಗಾ.”

ನಮಿತಾ ಅಳಲಿಲ್ಲ. ಗಡಿಯಾರ ನೋಡಿದಳು. “ಯಕ್ಷಿದು ನರ್ಸರಿ ಬಾರಾ ಬಜೆ ಬಿಡ್ತದೆ, ಹನ್ನೆರಡಕ್ಕೆ,” ಎಂದಳು. ಒಂದೇ ಬ್ಯಾಗು. ಮಗುವಿನ ಇನಾಕ್ಯುಲೇಶನ್ ಕಾರ್ಡು, ಎರಡು ಫ್ರಾಕು, ನೀರಿನ ಬಾಟಲಿ, ಅದಿಲ್ಲದೆ ನಿದ್ದೆ ಬಾರದ ಹರಿದ ದುಪ್ಪಟ್ಟ. ಒಂದು ಪೆನ್‌ಡ್ರೈವು. ಬಾಗಿಲಲ್ಲಿ ತಿರುಗಿ, “ನೀವೂ ಬನ್ನಿ ಅತ್ತೆ,” ಎಂದಳು.

“ನಾನೂ ಬಂದರೆ ಅವನು ಸೀದಾ ವಿಕ್ರೋಳಿಗೆ ಬರ್ತಾನೆ. ಇವತ್ತು ಅವನ ಸಿಟ್ಟಿಗೆ ಒಬ್ಬರು ಇಲ್ಲಿ ಬೇಕು. ನೀನು ನಡಿ.”

ನಮಿತಾ ನರ್ಸರಿಯ ದಾರಿ ಹಿಡಿದ ಮೇಲೆ ಸೇವಂತಿ ಕೆಳಗಿಳಿದು ರುದ್ರವ್ವನಿಗೆ ಹೇಳಿದಳು, ಸಂಜೆ ಏಳಕ್ಕೆ ಹನ್ನೊಂದನೇ ಮಹಡಿಯ ಮೆಟ್ಟಿಲು ಇನ್ನೊಮ್ಮೆ ಒರೆಸು ಎಂದು. ರುದ್ರವ್ವ ಅವಳ ಮುಖ ನೋಡಿ, “ಬರ್ತೀನ್ರಿ ಅಕ್ಕಾರ,” ಎಂದಳು.

ಏಳು ಗಂಟೆಗೆ ಅಕ್ಷಯ ಬಂದ. ಮುಂಬಾಗಿಲು ತೆರೆದೇ ಇತ್ತು. ಅವನು ಮುಚ್ಚಲು ಹೋದಾಗ ಸೇವಂತಿ ಅದಕ್ಕೆ ಕುರ್ಚಿ ಅಡ್ಡ ಇಟ್ಟು ಕೂತಳು.

“ನಮಿತಾ ಕಿಧರ್ ಹೈ? ಯಕ್ಷೂ?”

“ಇಲ್ಲ. ಮೊದಲು ಇದನ್ನು ನೋಡು. ಹತ್ತು ವರ್ಷ ಕೇಳಿದ್ದಲ್ಲವಾ, ಡಿಜಿಟಲ್ ಮಾಡಿಸು ಅಂತ.”

ಅವನು ನಿಂತೇ ನೋಡಿದ. ಅಜ್ಜಿಯ ಪಾಯಸ, ಅಪ್ಪನ ಮೂಗು. ತುಟಿಯಲ್ಲಿ ನಗು ಮೂಡಿತು. ಆಮೇಲೆ ಚಿಲಕ. ವಾಯರು. “ಯೇ ಎಐ ಹೈ,” ಎಂದ. “ಕಂಪ್ಯೂಟರಲ್ಲಿ ಯಾರು ಮಾಡಿಕೊಟ್ಟಿದ್ದು ನಿಂಗೆ?” ಆದರೆ ಅವನು ದಿನವಿಡೀ ಇದೇ ಕೆಲಸ ಮಾಡುವವನು. ಟೇಪಿನ ಗೆರೆ, ಬಣ್ಣ ಕದಡಿದ ಅಂಚು, ಇವು ಸುಳ್ಳಲ್ಲವೆಂದು ಅವನ ಕಣ್ಣಿಗೆ ಗೊತ್ತಿತ್ತು. ರಿವೈಂಡರು ಕಿವಿಗೆ ಬಿದ್ದಾಗ ತಾಯಿಯ ಎಡಗಿವಿಯ ಕಡೆ ಒಮ್ಮೆ ನೋಡಿದ. ಒಂದೇ ಒಂದು ಕ್ಷಣ, ತನ್ನ ಪಕ್ಕ ಬಂದು ಕೂತುಬಿಡುತ್ತಾನೇನೋ ಎಂದು ಸೇವಂತಿಗೆ ಅನ್ನಿಸಿತು. ಪರದೆಯಲ್ಲಿ ಮುದ್ದು ದನಿ ಶುರುವಾಯಿತು. ಯಾರನ್ನು ಕೇಳಿ ಕೊಟ್ಟದ್ದು?

ಅಕ್ಷಯ ಹೆಲ್ಮೆಟ್ಟು ಎತ್ತಿ ಟೀವಿಗೆ ಬೀಸಿದ. ಪರದೆ ಒಡೆದು ಬಣ್ಣಬಣ್ಣದ ಗೆರೆಗಳಾಯಿತು. ದನಿ ಮಾತ್ರ ನಿಲ್ಲಲಿಲ್ಲ. ಇನ್ನೊಮ್ಮೆ ಬೀಸಿದ, ಟೀವಿ ಗೋಡೆಯಿಂದ ಕಿತ್ತು ಬಿತ್ತು.

“ಅವ್ಳಿಗೆ ತೋರಿಸಿದ್ಯಾ? ಇದನ್ನು ಅವ್ಳಿಗೆ ತೋರಿಸಿದ್ಯಾ?”

“ತೋರಿಸಿದೆ.”

ಕೆನ್ನೆಗೆ ಬಿದ್ದ ಏಟಿಗೆ ಅವಳ ಬಾಯಲ್ಲಿ ರಕ್ತದ ರುಚಿ ಬಂತು. ಅವನು ಅವಳ ಭುಜ ಹಿಡಿದು ಕುರ್ಚಿಯಿಂದ ಕೆಡವಿದ. ಹೊಟ್ಟೆಗೆ ಒದ್ದ. ಹೆತ್ತ ಹೊಟ್ಟೆ ಎಂಬುದೆಲ್ಲ ಆ ಕಾಲಿಗೆ ತಿಳಿಯಲಿಲ್ಲ. ಆಮೇಲೆ, ರೂಢಿಯಂತೆ, ಒಳಕೋಣೆಯ ಕಡೆಗೆ ಕೈ ಚಾಚಿ ಕೂಗಿದ: “ಯಕ್ಷೂ! ವಾಯರ್!”

ಕೈ ಚಾಚಿದ್ದು ಚಾಚಿದ ಹಾಗೇ ಇತ್ತು. ನೆಲದ ಮೇಲಿಂದ ಸೇವಂತಿ ಆ ಖಾಲಿ ಅಂಗೈಯನ್ನು ನೋಡಿದಳು.

“ಯಾರೂ ಇಲ್ಲ ಮಗಾ,” ಎಂದಳು. “ನೀನೇ ಹೋಗಿ ತರಬೇಕು.”

ಅವನು ಹೋದ. ಹೋಗಿ, ಪ್ಲಗ್ಗಿನಿಂದ ಕಿತ್ತು, ತಂದ. ಮೂರು ಏಟು ಹೊಡೆದಿದ್ದ. ನಾಲ್ಕನೆಯದು ಎತ್ತಿದಾಗ ಮೆಟ್ಟಿಲಿನಿಂದ ಫಿನಾಯಿಲಿನ ನೀರು ಬಕೆಟ್ಟು ಸಮೇತ ಬಂದು ಅವನ ಮುಖಕ್ಕೆ ಅಪ್ಪಳಿಸಿತು.

“ಏ ಭಾಡ್ಯಾ! ಹಡೆದಾಕಿನ್ನ ಹೊಡೀತೀ? ನಿನ್ನ ಕೈ ಸೇದಿಹೋಗ!” ರುದ್ರವ್ವ ಒರೆಸುವ ಕೋಲನ್ನು ಎರಡೂ ಕೈಯಲ್ಲಿ ಹಿಡಿದು ಅವನ ಮೊಣಕಾಲಿಗೆ ಬಾರಿಸಿದಳು. ಕಣ್ಣುರಿ ತಾಳಲಾರದೆ ಅವನು ಗೋಡೆಗೆ ಕುಸಿದ. ಅವಳು ಇನ್ನೂ ಎರಡು ಬಾರಿಸಿದಳು. “ಬಿಲ್ಡಿಂಗಿನವ್ರಾ, ಹೊರಗ ಬರ್ರೀ! ಬಾಗಲಾ ಹಾಕ್ಕೊಂಡು ಕುಂತೀರೇನು, ಸತ್ತೀರೇನು?”

ಒಂದೊಂದಾಗಿ ಬಾಗಿಲುಗಳು ತೆರೆದವು.

ಠಾಣೆಯಲ್ಲಿ ದೂರು ಬರೆಸುವಾಗ ಕಿವಿ ಹೋದದ್ದು ಹೇಗೆ ಎಂದು ಕೇಳಿದರು. ಸೇವಂತಿ ಟೈಫಾಯಿಡ್ ಎನ್ನಲಿಲ್ಲ. ಎರಡು ಪಕ್ಕೆಲುಬು ಬಿರಿದಿದ್ದವು. ಆರು ದಿನ ಆಸ್ಪತ್ರೆ, ಆಮೇಲೆ ವಿಕ್ರೋಳಿಯಲ್ಲಿ ನಮಿತಾಳ ಅಕ್ಕ ನಿಶ್ಮಿತಾಳ ಮನೆ. ಒಂದು ಕೋಣೆಯಲ್ಲಿ ಐದು ಜನ, ಬೆಳಿಗ್ಗೆ ನೀರಿಗೆ ಸಾಲು. ಅಕ್ಷಯನ ಮೇಲೆ ಕೇಸು ನಡೆಯುತ್ತಿದೆ. ಅವನು ದಿನಕ್ಕೆ ಇಪ್ಪತ್ತು ಮೆಸೇಜು ಕಳಿಸುತ್ತಾನೆ, ಹತ್ತರಲ್ಲಿ ಕ್ಷಮೆ, ಹತ್ತರಲ್ಲಿ ಬೈಗಳು. ನಮಿತಾ ಯಾವುದನ್ನೂ ಅಳಿಸುವುದಿಲ್ಲ, ಯಾವುದಕ್ಕೂ ಉತ್ತರ ಕೊಡುವುದಿಲ್ಲ. ಯಕ್ಷಿತಾಳಿಗೆ ಹೊಸ ನರ್ಸರಿ ಸಿಕ್ಕಿದೆ. ಅಲ್ಲಿ ಊಟ ಮಾಡುವುದಿಲ್ಲ, ಡಬ್ಬಿ ಹಾಗೇ ವಾಪಸು ಬರುತ್ತದೆ.

ಮೊನ್ನೆ ಮಧ್ಯಾಹ್ನ ಸೇವಂತಿಯ ಫೋನು ಸತ್ತಿತು. ಪಕ್ಕೆಲುಬಿನ ನೋವಿಗೆ ಏಳಲಾರದೆ, ಯೋಚನೆಯಿಲ್ಲದೆ ಅಂದಳು, “ಯಕ್ಷೂ, ಆ ಚಾರ್ಜರ್ ತಾ ಮಗಾ.”

ಚಿತ್ರಕ್ಕೆ ಬಣ್ಣ ಹಚ್ಚುತ್ತಿದ್ದ ಮಗು ಎದ್ದು ನಿಂತಿತು. ಕಪಾಟಿನ ಮೇಲಿದ್ದ ವಾಯರನ್ನು ನೋಡಿತು, ಅಜ್ಜಿಯನ್ನು ನೋಡಿತು, ಒಲೆಯ ಹತ್ತಿರವಿದ್ದ ಅಮ್ಮನ ಬೆನ್ನನ್ನು ನೋಡಿತು. ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡಿತು.

“ನಹೀ ಲಾಯೇಂಗೆ. ತರಲ್ಲ,” ಎಂದಿತು.

ಸೇವಂತಿ ಗೋಡೆ ಹಿಡಿದುಕೊಂಡು, ಹಲ್ಲು ಕಚ್ಚಿ, ತಾನೇ ಎದ್ದು ಹೋಗಿ ತಂದುಕೊಂಡಳು.